ಹೊರೆ ಹೊರುವ ಬ್ಯಾಟರಿ ಬೈಕು: ಕೊಳ್ಳುವ ಮುನ್ನ ತೋಟದ ಏರು ಅಳೆಯಿರಿ

ನಮ್ಮ ಸಂಘದ ಕಳೆದ ಆಡಳಿತ ಮಂಡಳಿ ಸಭೆಗೆ ಹನ್ನೊಂದು ಮಂದಿ ಸದಸ್ಯರು ಸಹಿ ಹಾಕಿದ ಮನವಿಯೊಂದು ಬಂದಿತ್ತು. ತೋಟದೊಳಗೆ ಹೊರೆ ಸಾಗಿಸುವ ಬ್ಯಾಟರಿ ಬೈಕು ಕೊಳ್ಳಲು ಸಂಘದಿಂದ ಸಾಲ ಕೊಡಬೇಕು, ಸಾಧ್ಯವಿದ್ದರೆ ಸಂಘವೇ ಎರಡು ಬೈಕು ಖರೀದಿಸಿ ಸದಸ್ಯರಿಗೆ ಬಾಡಿಗೆಗೆ ಒದಗಿಸಬೇಕು ಎಂಬುದು ಅದರ ಸಾರಾಂಶ. ಸಭೆಯಲ್ಲಿ ಚರ್ಚೆ ಬಿಸಿಯಾಯಿತು. ಹಿರಿಯ ನಿರ್ದೇಶಕರೊಬ್ಬರು, "ಅಡಿಕೆಗೆ ನಾಲ್ಕು ಕಾಸು ಬಂದ ಕೂಡಲೇ ನಮಗೆ ಆಟಿಕೆ ಬೇಕಾಗುತ್ತದೆ" ಎಂದರು. ಕಿರಿಯರೊಬ್ಬರು, "ಹೊರೆ ಹೊತ್ತು ಅಭ್ಯಾಸ ಇದ್ದವರು ಆ ಮಾತು ಹೇಳಲಿ ಮಾವ" ಎಂದು ತಿರುಗಿ ಹೇಳಿದರು. ಕಾರ್ಯದರ್ಶಿಯ ಅಭಿಪ್ರಾಯವೇನು ಎಂದು ಅಧ್ಯಕ್ಷರು ನನ್ನ ಕಡೆ ನೋಡಿದಾಗ, ಪತ್ರಿಕೆಯಲ್ಲಿ ಬರೆದು ತಿಳಿಸುತ್ತೇನೆ ಎಂದು ನಾನು ಜಾರಿಕೊಂಡೆ.

ಜಾರಿಕೊಂಡದ್ದಕ್ಕೆ ಕಾರಣವಿದೆ. ಈ ವಿಷಯದಲ್ಲಿ ನಾನು ಒಮ್ಮೆ ಮೋಸಹೋಗಿ, ಇನ್ನೊಮ್ಮೆ ಗೆದ್ದವನು. ಸಭೆಯಲ್ಲಿ ಎರಡನ್ನೂ ಹೇಳಲು ಹೊರಟರೆ ಊಟದ ಹೊತ್ತು ಮೀರುತ್ತಿತ್ತು.

ಮೊದಲು ಹೊರೆಯ ಲೆಕ್ಕ ನೋಡೋಣ. ನಮ್ಮ ನೆರಿಯ, ತೋಟತ್ತಾಡಿ, ಚಾರ್ಮಾಡಿ ಕಡೆಯ ತೋಟಗಳ ಸ್ವರೂಪ ಓದುಗರಿಗೆ ಹೊಸತಲ್ಲ. ಮೇಲೆ ಮಾರ್ಗ, ಅದರ ಕೆಳಗೆ ಮನೆ ಮತ್ತು ಅಂಗಳ, ಅದಕ್ಕೂ ಕೆಳಗೆ ತೋಡಿನ ಬದಿಯವರೆಗೆ ಕಂಗಿನ ತೋಟ. ಕಂಗುಗಳ ನಡುವೆ ಈಗೀಗ ರೊಬಸ್ಟಾ ಕಾಫಿಯೂ ಎದ್ದಿದೆ. ಎಂದರೆ ಫಸಲೆಲ್ಲ ಮೇಲಕ್ಕೆ ಏರಬೇಕು, ಗೊಬ್ಬರವೆಲ್ಲ ಕೆಳಕ್ಕೆ ಇಳಿಯಬೇಕು. 9 ಅಡಿಗೆ 9 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಕಂಗು. ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಸೊಪ್ಪು, 12 ಕಿಲೋ ಹಟ್ಟಿಗೊಬ್ಬರ ಅಥವಾ ಕಾಂಪೋಸ್ಟ್ ಕೊಡಬೇಕೆಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರ ಶಿಫಾರಸು. ಗುಣಿಸಿ ನೋಡಿ: ಎಕರೆಗೆ 13,200 ಕಿಲೋ. ಬುಟ್ಟಿಯೊಂದಕ್ಕೆ 30 ಕಿಲೋ ಎಂದರೆ 440 ಬುಟ್ಟಿ. ಇಷ್ಟನ್ನು ಒಬ್ಬ ಮನುಷ್ಯ ತಲೆಯ ಮೇಲಿಟ್ಟು ಇಳಿಸಬೇಕು, ಖಾಲಿ ಬುಟ್ಟಿ ಹಿಡಿದು ಮತ್ತೆ ಏರಬೇಕು. ಶಿಫಾರಸಿನ ಅರ್ಧದಷ್ಟೂ ಗೊಬ್ಬರ ನಮ್ಮ ತೋಟಗಳಿಗೆ ಬೀಳದಿರಲು ದನ ಕಡಿಮೆಯಾದದ್ದು ಒಂದು ಕಾರಣ ಹೌದು. ಇದ್ದ ಗೊಬ್ಬರವೂ ಹಟ್ಟಿಯ ಹಿಂದೆಯೇ ಉಳಿದು ಹತ್ತಿರದ ನಾಲ್ಕು ಸಾಲಿಗೆ ಮಾತ್ರ ಸಿಗುತ್ತದೆ ಎಂಬುದು ನಾವು ಒಪ್ಪಿಕೊಳ್ಳದ ಇನ್ನೊಂದು ಕಾರಣ. ಅಂಗಳದ ಬದಿಯ ಕಂಗು ಕೊಬ್ಬಿ, ತೋಡಿನ ಬದಿಯದು ಸೊರಗಿದ ತೋಟಗಳನ್ನು ನಾನು ಎಷ್ಟೋ ನೋಡಿದ್ದೇನೆ. ನನ್ನದೂ ಅದರಲ್ಲೊಂದು.

ಇನ್ನು ಫಸಲು. ಒಂದು ಪಾಲು ಚಾಲಿಗೆ ಐದು ಪಾಲು ಹಣ್ಣಡಿಕೆ ಹೊರಬೇಕು ಎಂಬುದು ನಮ್ಮ ಮನೆಯ ಲೆಕ್ಕ. ಕಾಫಿಯಾದರೆ 50 ಕಿಲೋದ ಒಂದು ಚೀಲ ಚೆರಿ ಒಣಗಿ ಸಿಗಬೇಕಾದರೆ ಅದರ ಎರಡರಷ್ಟು ಹಣ್ಣು ಅಂಗಳ ಸೇರಬೇಕು. ಕಾರ್ಬನ್ ಫೈಬರ್ ದೋಟಿ ಬಂದು ಕೊಯ್ಲಿನ ಕಷ್ಟ ಕಡಿಮೆಯಾಗಿದೆ. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಮರ ಏರುವ ಬೈಕನ್ನೇ ಮಾಡಿ ತೋರಿಸಿದ್ದು 2019ರಲ್ಲಿ ದೇಶವಿಡೀ ಸುದ್ದಿಯಾಯಿತು. ಆದರೆ ಮರದಿಂದ ಕೆಳಗೆ ಬಿದ್ದ ಅಡಿಕೆ ಅಂಗಳಕ್ಕೆ ಬರುವುದು ಈಗಲೂ ತಲೆಯ ಮೇಲೆಯೇ. ಆ ತಲೆಗಳು ವರ್ಷ ವರ್ಷ ಕಡಿಮೆಯಾಗುತ್ತಿವೆ.

ನಮ್ಮಲ್ಲಿ ಮೂವತ್ತು ವರ್ಷಗಳಿಂದ ಕೆಲಸಕ್ಕಿರುವವರೊಬ್ಬರಿದ್ದಾರೆ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಹಿರಿಯರು. ಹಿಂದಿನ ಚಳಿಗಾಲದಲ್ಲಿ ಅವರ ಎಡಗೈ ಬೆರಳುಗಳಿಗೆ ಜೋಮು ಹಿಡಿಯತೊಡಗಿತು. ಡಾಕ್ಟರರು ಕುತ್ತಿಗೆಯ ಫೋಟೋ ತೆಗೆಸಿ, ಇನ್ನು ತಲೆಹೊರೆ ಕೂಡದು ಎಂದರು. ಮರುದಿನ ಅವರು ಎಂದಿನಂತೆ ಎಂಟಕ್ಕೆ ಬಂದು ಹೆಡಿಗೆಗೆ ಕೈಹಾಕಿದರು. ಬೇಡವೆಂದೆ. "ಮತ್ತೆ ಯಾರು ಹೊರುವುದು ಧನಿ, ನೀವಾ?" ಎಂದರು. ಉತ್ತರ ನನ್ನಲ್ಲಿರಲಿಲ್ಲ. ನಾನು ಬೈಕಿನ ವಿಚಾರಕ್ಕೆ ಇಳಿದದ್ದು ಹೀಗೆ. ಹಿರಿಯ ನಿರ್ದೇಶಕರು ಆಟಿಕೆ ಎಂದ ಮಾತು ನನಗೆ ಸ್ವಲ್ಪ ಚುಚ್ಚಿದ್ದೂ ಇದೇ ಕಾರಣಕ್ಕೆ.

ಹೊರೆ ಹೊರುವ ಸೈಕಲು ಹೊಸ ಸಂಗತಿಯೇನೂ ಅಲ್ಲ. ಡೆನ್ಮಾರ್ಕಿನಲ್ಲಿ ಮುಂದೆ ಉದ್ದನೆಯ ತಟ್ಟೆ ಇರುವ ಸಾಮಾನಿನ ಸೈಕಲು 1920ರ ದಶಕದಲ್ಲೇ ಬಳಕೆಗೆ ಬಂದಿತ್ತು. ಈಗ ಅದಕ್ಕೇ ಬ್ಯಾಟರಿ ಕೂಡಿಸಿ, ಗಾತ್ರ ಕುಗ್ಗಿಸಿ, ಮಕ್ಕಳನ್ನೂ ತರಕಾರಿಯನ್ನೂ ಒಟ್ಟಿಗೆ ಹೇರಿಕೊಂಡು ಅಲ್ಲಿಯ ಜನ ಓಡಾಡುತ್ತಾರೆ. ಚಿತ್ರ ನೋಡಿದರೆ ಆಸೆಯಾಗುತ್ತದೆ. ಆದರೆ ಆ ದೇಶದ ಅತಿ ಎತ್ತರದ ಜಾಗವೇ ಸಮುದ್ರಮಟ್ಟದಿಂದ 171 ಮೀಟರು. ಚಾರ್ಮಾಡಿ ಘಾಟಿಯ ಬುಡದಲ್ಲಿ ಕುಳಿತ ನಾವು ಅವರ ಬೈಕನ್ನು ನಕಲು ಮಾಡಲು ಹೊರಟರೆ ಏನಾದೀತು ಎಂಬುದಕ್ಕೆ ನನ್ನ ಮೊದಲ ಬೈಕೇ ಸಾಕ್ಷಿ.

ನಮ್ಮ ದೇಶದಲ್ಲಿ ಹೊರೆಯ ಬಡವನ ಬಂಡಿ ಎಂದರೆ ಮೊಪೆಡ್. 1972ರಲ್ಲಿ ಲೂನಾ ಬಂತು, 1980ರಲ್ಲಿ ಟಿವಿಎಸ್ 50. ಹಾಲಿನ ಕ್ಯಾನು, ಮೀನಿನ ಬುಟ್ಟಿ, ಗೋಣಿ, ಗ್ಯಾಸ್ ಸಿಲಿಂಡರು ಯಾವುದನ್ನೂ ಅವು ಬೇಡವೆನ್ನಲಿಲ್ಲ. ಅದೇ ಲೂನಾ 2024ರ ಫೆಬ್ರವರಿಯಲ್ಲಿ ಇ-ಲೂನಾ ಎಂಬ ಹೆಸರಿನಲ್ಲಿ ಬ್ಯಾಟರಿ ಹೊತ್ತು ಮರಳಿ ಬಂತು. 150 ಕಿಲೋ ಹೊರುತ್ತದೆ ಎಂದು ತಯಾರಕರ ಹೇಳಿಕೆ. ಬೇರೆ ಕಂಪೆನಿಗಳದೂ ಇವೆ. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಬೇಡಿ. ಸಂಘದ ಪತ್ರಿಕೆಯಲ್ಲಿ ಕುಳಿತು ಕಂಪೆನಿಯ ಪ್ರಚಾರ ಮಾಡುವುದು ನನ್ನ ಕೆಲಸವಲ್ಲ. ನನ್ನ ಮನೆಯಲ್ಲಿರುವುದು ಯಾವುದೆಂದೂ ಇಲ್ಲಿ ಬರೆಯುವುದಿಲ್ಲ.

ಹಾಗಾದರೆ ನನ್ನ ಮೂರ್ಖತನದ ಕಥೆ. 2023ರ ಫೆಬ್ರವರಿಯಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೊದವರ ಕೃಷಿ ಯಂತ್ರ ಮೇಳವಾದಾಗ ನಮ್ಮ ಸದಸ್ಯರು ಜೀಪು ತುಂಬಿಕೊಂಡು ಹೋಗಿದ್ದೆವು. ಮೋಟಾರು ಕೈಗಾಡಿ, ಯಂತ್ರದ ಬಂಡಿ ಎಲ್ಲ ನೋಡಿ ತಲೆಯಲ್ಲಿ ಹುಳ ಹೊಕ್ಕಿತು. ಕೆಲವು ತಿಂಗಳು ಕಳೆದು ನಗರದ ಅಂಗಡಿಯೊಂದರಲ್ಲಿ ಹಿಂದೆ ಉದ್ದನೆಯ ಕ್ಯಾರಿಯರ್ ಇರುವ ಚಿಕ್ಕ ಬ್ಯಾಟರಿ ಬೈಕೊಂದನ್ನು ಕಂಡೆ. ನೋಂದಣಿ ಬೇಡ, ಲೈಸೆನ್ಸು ಬೇಡ, ವಿಮೆ ಬೇಡ ಎಂದರು. ಅದು ಸುಳ್ಳಲ್ಲ. ಮೋಟಾರಿನ ಶಕ್ತಿ 250 ವಾಟಿನೊಳಗೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ, ಬ್ಯಾಟರಿ ಬಿಟ್ಟು ವಾಹನದ ತೂಕ 60 ಕಿಲೋದೊಳಗೆ ಇದ್ದರೆ ಅದು ಕಾನೂನಿನ ಪ್ರಕಾರ ಮೋಟಾರು ವಾಹನವೇ ಅಲ್ಲ. ಅಂಗಡಿಯ ಎದುರಿನ ಸಪಾಟು ರಸ್ತೆಯಲ್ಲಿ ಎರಡು ಗೋಣಿ ಹೇರಿ ಓಡಿಸಿ ತೋರಿಸಿದರು. ನಾನು ಹಣ ಎಣಿಸಿದೆ.

ಮನೆಗೆ ತಂದು, 60 ಕಿಲೋ ಹಣ್ಣಡಿಕೆ ಹೇರಿ ತೋಟದಿಂದ ಮೇಲಕ್ಕೆ ಹೊರಟೆ. ಮೊದಲ ತಿರುವಿನಲ್ಲೇ ಅದು ಉಸಿರು ಬಿಟ್ಟಿತು. ಕಾಲು ಕೊಟ್ಟು ತಳ್ಳಿದೆ. ಹಿಂದಿನಿಂದ ನಮ್ಮವರೂ ತಳ್ಳಿದರು. ಅಂಗಳ ಮುಟ್ಟಿದಾಗ ಮೋಟಾರಿನಿಂದ ಸುಟ್ಟ ಅರಗಿನ ವಾಸನೆ. "ಧನಿ, ಅಡಿಕೆಯೊಂದಿಗೆ ಇದನ್ನೂ ನಾವೇ ಹೊತ್ತ ಹಾಗಾಯಿತು" ಎಂದರು ಅವರು.

ಆಮೇಲೆ ಕಾಲೇಜಿನಲ್ಲಿ ಕಲಿತ ಭೌತಶಾಸ್ತ್ರ ನೆನಪಾಯಿತು. ಮೊದಲೇ ನೆನಪಾಗಿದ್ದರೆ ಹಣ ಉಳಿಯುತ್ತಿತ್ತು. ನಮ್ಮ ದಾರಿ ಸುಮಾರು 300 ಮೀಟರು ಉದ್ದ, ಅಷ್ಟರಲ್ಲಿ 42 ಮೀಟರು ಎತ್ತರ. ಎಂದರೆ ಏಳಕ್ಕೆ ಒಂದರ ಏರು. ಬೈಕು, ಸವಾರ, ಹೊರೆ ಸೇರಿ 170 ಕಿಲೋ. 250 ವಾಟಿನ ಮೋಟಾರಿನಲ್ಲಿ ಚಕ್ರಕ್ಕೆ ಮುಟ್ಟುವುದು ಹೆಚ್ಚೆಂದರೆ 190 ವಾಟು. ಲೆಕ್ಕ ಹಾಕಿದರೆ ಈ ಏರಿನಲ್ಲಿ ಅದು ಗಂಟೆಗೆ ಎರಡೂವರೆ ಕಿಲೋಮೀಟರಿಗಿಂತ ಜೋರಾಗಿ ಹೋಗಲು ಶಕ್ಯವೇ ಇಲ್ಲ. ಅಷ್ಟು ನಿಧಾನವಾದರೆ ಚಕ್ರದೊಳಗೇ ಕೂಡಿಸಿದ ಮೋಟಾರಿನಲ್ಲಿ ವಿದ್ಯುತ್ತಿನ ಬಹುಪಾಲು ಬಿಸಿಯಾಗಿ ಹೋಗುತ್ತದೆ, ವಾಸ್ತವದಲ್ಲಿ ಆ ಎರಡೂವರೆಯೂ ಸಿಗುವುದಿಲ್ಲ. ಹೆಡಿಗೆ ಹೊತ್ತವನು ಅದಕ್ಕಿಂತ ಬೇಗ ನಡೆಯುತ್ತಾನೆ. ಅಂಗಡಿಯವರು ಸುಳ್ಳು ಹೇಳಲಿಲ್ಲ, ನಾನು ಏರಿನ ಪ್ರಶ್ನೆ ಕೇಳಲಿಲ್ಲ. ಆ ಬೈಕು ಈಗ ಬಯಲುಸೀಮೆಯ ನಂಟರೊಬ್ಬರ ಮನೆಯಲ್ಲಿ ಸುಖವಾಗಿದೆ. ನನಗೆ ಬಂದದ್ದು ಅರ್ಧ ಬೆಲೆ.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ನನ್ನ ಮೊದಲ ವಿನಂತಿ: ಅಂಗಡಿಗೆ ಹೋಗುವ ಮುನ್ನ ನಿಮ್ಮ ತೋಟದ ಏರು ಅಳೆಯಿರಿ. ಇಂಜಿನಿಯರು ಬೇಕಿಲ್ಲ. ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪಿಗೆ ನೀರು ತುಂಬಿಸಿ, ಮೇಲಿನಿಂದ ಕೆಳಗಿನವರೆಗೆ ಕಂತು ಕಂತಾಗಿ ಎತ್ತರ ಗುರುತಿಸುತ್ತ ಬಂದರೆ ಅರ್ಧ ದಿನದ ಕೆಲಸ. ಒಟ್ಟು ಏರಿಗಿಂತಲೂ ಅತಿ ಕಡಿದಾದ ಹತ್ತು ಮೀಟರು ಯಾವುದು ಎಂಬುದು ಮುಖ್ಯ. ಬೈಕು ಸೋಲುವುದು ಅಲ್ಲಿ. ನಮ್ಮ ದಾರಿಯಲ್ಲಿ ಹಲಸಿನ ಮರದ ಹತ್ತಿರ ನಾಲ್ಕಕ್ಕೆ ಒಂದರ ಬರೆಯೊಂದಿತ್ತು. ಅದನ್ನು ಕಡಿಸಿ ಸುತ್ತು ಹಾಕಿಸಿದ ಮೇಲೆಯೇ ಎರಡನೆಯ ಬೈಕು ತಂದದ್ದು.

ಎರಡನೆಯದು ನೋಂದಣಿಯಾದ, ಹಸಿರು ಫಲಕದ ಬೈಕು. ಮೋಟಾರು ಒಂದು ಕಿಲೋವಾಟಿಗೆ ಮೇಲ್ಪಟ್ಟದ್ದು, ಬ್ಯಾಟರಿ ಎರಡು ಯೂನಿಟಿನದು. 80 ಕಿಲೋ ಹೇರಿದರೆ ನನ್ನನ್ನೂ ಸೇರಿಸಿ ಒಟ್ಟು 240 ಕಿಲೋ ಆಗುತ್ತದೆ. ಅಷ್ಟನ್ನೂ ನಡಿಗೆಯ ಎರಡರಷ್ಟು ವೇಗದಲ್ಲಿ ತಕರಾರಿಲ್ಲದೆ ಏರಿಸುತ್ತದೆ. ಬ್ಯಾಟರಿ ಎಷ್ಟು ದೂರ ಹೋಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನಮಗೆ ದೂರದ ಚಿಂತೆ ಅಲ್ಲ, ಏರಿನ ಚಿಂತೆ. ಇಪ್ಪತ್ತು ಸಲ ಹೊರೆಯೊಂದಿಗೆ ಏರಿದ ದಿನ ರಾತ್ರಿ ಚಾರ್ಜು ತುಂಬಲು ಒಂದೂಮುಕ್ಕಾಲು ಯೂನಿಟು ಬೇಕಾಯಿತು. ಮೀಟರು ಇಟ್ಟು ನೋಡಿದ್ದೇನೆ. ಯೂನಿಟಿಗೆ ಏಳು ರೂಪಾಯಿ ಹಿಡಿದರೂ ಹನ್ನೆರಡು ರೂಪಾಯಿ ಚಿಲ್ಲರೆ. 1,600 ಕಿಲೋ ಹೊರೆ ಅಂಗಳ ಮುಟ್ಟಿದ ಖರ್ಚು ಇದು. ಅದೇ ಗೊಬ್ಬರದ 440 ಬುಟ್ಟಿ ಈಗ 165 ಇಳಿತಕ್ಕೆ ಬಂದಿದೆ. ಈ ವರ್ಷ ತೋಡಿನ ಬದಿಯ ಸಾಲಿಗೂ ಗೊಬ್ಬರ ಬಿತ್ತು ಎಂಬುದೇ ನನ್ನ ಮಟ್ಟಿಗೆ ದೊಡ್ಡ ಲಾಭ.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲು, ಡೀಸೆಲು ಸಾಗಿಸುವ ಕೊಳವೆ ಮಾರ್ಗ 2003ರಿಂದ ನಮ್ಮ ಊರಿನ ನೆಲದಡಿಯಲ್ಲಿ ಹೋಗುತ್ತಿದೆ. ಘಾಟಿ ಹತ್ತಿಸಲು ಅದನ್ನು ಒತ್ತಿ ಕಳಿಸುವ ಪಂಪಿಂಗ್ ಸ್ಟೇಷನ್ ನೆರಿಯದಲ್ಲೇ ಇದೆ. ರಾಜಧಾನಿಗೆ ಹೋಗುವ ಎಣ್ಣೆ ನಮ್ಮ ಕಾಲಡಿಯಲ್ಲೇ ಹರಿಯುವಾಗ, ಮೊಪೆಡ್‌ಗೆ ಎರಡು ಲೀಟರು ಹಾಕಿಸಲು ನಾವು ಪೇಟೆಗೆ ಇಳಿಯಬೇಕು, ನೂರು ರೂಪಾಯಿಗೆ ಮೇಲ್ಪಟ್ಟ ದರ ಕೊಡಬೇಕು. ದೂರು ಹೇಳುತ್ತಿಲ್ಲ, ಕೊಳವೆಗೆ ನಲ್ಲಿ ಇಡಲು ಬರುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಮನೆಯ ಪ್ಲಗ್ಗಿನಲ್ಲೇ ಬಂಡಿಗೆ ಮೇವು ಸಿಗುವುದು ನಮ್ಮಂಥ ಮೂಲೆಯ ಊರಿನವರಿಗೆ ಎಷ್ಟು ದೊಡ್ಡ ಅನುಕೂಲ ಎಂಬುದನ್ನು ಪೇಟೆಯವರು ಊಹಿಸಲಾರರು.

ಇಷ್ಟು ಬರೆದಾಗ ಎಲ್ಲವೂ ಸಲೀಸು ಎಂದು ತೋರಬಹುದು. ಹಾಗಿಲ್ಲ. ಬೈಕು ಬಂದು ಎರಡನೆಯ ಮಳೆಗಾಲ ಕಳೆದಿದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರು ಆಸುಪಾಸು ಮಳೆ ಸುರಿಯುವ ಈ ಸೀಮೆಯಲ್ಲಿ ಯಾವ ಯಂತ್ರಕ್ಕೂ ಅದೇ ನಿಜವಾದ ಪರೀಕ್ಷೆ.

ಮೊದಲ ಆಪತ್ತು ಹಾಳೆಯದು. ಒದ್ದೆಯಾದ ಕಂಗಿನ ಹಾಳೆಯ ಮೇಲೆ ಚಕ್ರ ಹತ್ತಿದರೆ ಸಾಬೂನಿನ ಮೇಲೆ ಹತ್ತಿದಂತೆಯೇ. ಆಷಾಢದ ಒಂದು ಸಂಜೆ ನಾನು ಸವಾರಿಯಲ್ಲಿದ್ದೆ, ಹಿಂದೆ ಎರಡು ಗೋಣಿ ಗೊಬ್ಬರ. ಏರುವಾಗ ಅಲ್ಲ, ಇಳಿಯುವಾಗ. ಕಾಲುಸಂಕದ ಹತ್ತಿರ ಹಾಳೆಯ ಮೇಲೆ ಹಿಂದಿನ ಚಕ್ರ ಜಾರಿತು. ಬೈಕು ಕಣಿಗೆ, ನಾನು ಬೈಕಿನ ಅಡಿಗೆ. ಮೊಣಕಾಲಿಗೆ ಏಳು ಹೊಲಿಗೆ. ಏರಿನಲ್ಲಿ ಬೈಕು ಸೋತರೆ ನಿಂತುಬಿಡುತ್ತದೆ, ಅಪಾಯವಿಲ್ಲ. ಇಳಿತದಲ್ಲಿ ಹೊರೆಯೇ ನಮ್ಮನ್ನು ದೂಡುತ್ತದೆ, ನೀರು ಕುಡಿದ ಡ್ರಮ್ ಬ್ರೇಕು ಆ ಹೊತ್ತಿಗೆ ಹಿಡಿಯುವುದಿಲ್ಲ. ಇದನ್ನು ನಾನು ಬಿದ್ದ ಮೇಲೆ ಕಲಿತೆ, ನೀವು ಓದಿ ಕಲಿತರೆ ಸಾಕು. ಮಳೆಗಾಲದಲ್ಲಿ ಇಳಿಯುವ ಹೊರೆ 40 ಕಿಲೋಕ್ಕೆ ಮೀರಬಾರದು, ಸವಾರ ಕೂರದೆ ಬದಿಯಲ್ಲಿ ನಡೆಸಿಕೊಂಡು ಬರಬೇಕು, ದಾರಿಯ ಹಾಳೆ ಪ್ರತಿದಿನ ಬೆಳಿಗ್ಗೆ ಹೆಕ್ಕಬೇಕು ಎಂದು ಈಗ ಮನೆಯಲ್ಲಿ ಕಟ್ಟುನಿಟ್ಟು. ಕೊಳೆರೋಗಕ್ಕೆ ಬೋರ್ಡೊ ಸಿಂಪಡಿಸುವ ದಿನಗಳಲ್ಲಿ ದ್ರಾವಣದ ಡ್ರಮ್ಮನ್ನು ಇದರಲ್ಲಿ ಸಾಗಿಸುವುದಂತೂ ಕೂಡದು. ಅರ್ಧ ತುಂಬಿದ ಡ್ರಮ್ಮಿನೊಳಗೆ ದ್ರವ ಅತ್ತಿತ್ತ ಬಡಿದು ಬೈಕನ್ನೇ ಉರುಳಿಸುತ್ತದೆ. ಮೈಲುತುತ್ತು, ಸುಣ್ಣ ಕೆಳಗೆ ಒಯ್ದು ಅಲ್ಲೇ ಕಲಸಿರಿ.

ಎರಡನೆಯದು ವಿದ್ಯುತ್ತು. ಮರ ಬಿದ್ದು ಲೈನು ಹೋದರೆ ಎರಡು ದಿನ, ಮೂರು ದಿನ ಕತ್ತಲೆ ಇಲ್ಲಿ ಸಾಮಾನ್ಯ. ಆಗ ಬೈಕು ಕೊಟ್ಟಿಗೆಯಲ್ಲಿ ಮಲಗುತ್ತದೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಚಾರ್ಜರು ಪ್ಲಗ್ಗಿನಲ್ಲಿ ಇರಲೇಬಾರದು, ಗುಡುಗು ಕೇಳಿದ ಕೂಡಲೇ ಕಿತ್ತಿಡಿ. ಚಾರ್ಜಿನ ಪ್ಲಗ್ಗಿಗೆ ಸರಿಯಾದ ಅರ್ತಿಂಗ್ ಇರಬೇಕು. ಕಾರ್ಯದರ್ಶಿಯಾಗಿ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ: ಪಂಪುಸೆಟ್ಟಿನ ಉಚಿತ ವಿದ್ಯುತ್ತಿನಿಂದ ಬೈಕು ಚಾರ್ಜು ಮಾಡಬೇಡಿ. ಅದು ನೀರೆತ್ತಲು ಕೊಟ್ಟದ್ದು. ಹನ್ನೆರಡು ರೂಪಾಯಿ ಉಳಿಸಲು ಹೋಗಿ ಇಡೀ ಊರಿನ ಪಂಪುಸೆಟ್ಟಿನ ಮೇಲೆ ಕಣ್ಣು ಬೀಳುವಂತೆ ಮಾಡಬಾರದು. ಮನೆಯ ಮೀಟರಿನಲ್ಲಿ ಚಾರ್ಜು ಮಾಡುವವರು 2023ರಲ್ಲಿ ಬಂದ ಗೃಹಜ್ಯೋತಿಯ ಮಿತಿಯನ್ನೂ ಗಮನಿಸಬೇಕು. 200 ಯೂನಿಟು ಎಂದು ಕೇಳಿದರೂ ಪ್ರತಿ ಮನೆಗೆ ಸಿಗುವುದು ಅವರವರ ಹಿಂದಿನ ಸರಾಸರಿಗಿಂತ ಸ್ವಲ್ಪ ಹೆಚ್ಚು ಮಾತ್ರ.

ಮೂರನೆಯದು ಬ್ಯಾಟರಿ. ಬೈಕಿನ ಜೀವವೂ ಅದೇ, ಮುಂದಿನ ಖರ್ಚೂ ಅದೇ. ಸೀಸ ಮತ್ತು ಆಮ್ಲದ ಹಳೆಯ ಮಾದರಿ ಬೆಲೆಯಲ್ಲಿ ಅಗ್ಗ, ಆದರೆ ಮುನ್ನೂರು ನಾನೂರು ಸಲ ಖಾಲಿಯಾಗಿ ತುಂಬಿದರೆ ಮುಗಿಯಿತು, ಏರಿಗೆ ಇನ್ನೂ ಬೇಗ. ಲಿಥಿಯಂ ಬ್ಯಾಟರಿಗಳಲ್ಲಿ ಕಬ್ಬಿಣ ಮತ್ತು ಫಾಸ್ಫೇಟಿನ ಜಾತಿಯದು ಸ್ವಲ್ಪ ಭಾರ, ಆದರೆ ಬಾಳಿಕೆ ಹೆಚ್ಚು, ಬೆಂಕಿ ಹಿಡಿಯುವ ಭಯ ಕಡಿಮೆ. ನಮಗೆ ಅದೇ ತಕ್ಕದ್ದು. 2022ರ ಬೇಸಗೆಯಲ್ಲಿ ದೇಶದ ಹಲವೆಡೆ ಬ್ಯಾಟರಿ ಸ್ಕೂಟರುಗಳು ಹೊತ್ತಿಕೊಂಡ ನಂತರ ಸರಕಾರ ಎಐಎಸ್-156 ಎಂಬ ಸುರಕ್ಷಾ ನಿಯಮಗಳನ್ನು ಬಿಗಿ ಮಾಡಿ, ಆ ವರ್ಷದ ಡಿಸೆಂಬರಿನಿಂದ ಮತ್ತು 2023ರ ಮಾರ್ಚ್ ಕೊನೆಯಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಅದಕ್ಕೆ ಮುಂಚಿನ ಸರಕು ಅಗ್ಗಕ್ಕೆ ಬಂದರೂ ಬೇಡ. ಏರಿ ಬಂದ ಬಿಸಿ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕದೆ ಒಂದು ಗಂಟೆ ಆರಲು ಬಿಡಿ. ಅಡಿಕೆ ಒಣಗಿಸುವ ಗೂಡಿನ ಬದಿಯಲ್ಲೂ, ಸೌದೆ ಪೇರಿಸಿದ ಕೊಟ್ಟಿಗೆಯಲ್ಲೂ ಚಾರ್ಜು ಬೇಡ. ಇಲಿ ನಮ್ಮ ಅಟ್ಟಗಳ ಖಾಯಂ ಒಕ್ಕಲು, ವೈರು ಅದಕ್ಕೆ ಬಲು ರುಚಿ. ಒಮ್ಮೆ ನಮ್ಮದನ್ನು ಕಡಿದು, ದುರಸ್ತಿಗೆ ಕಳಿಸಿದ ಬೈಕು ಇಪ್ಪತ್ತಮೂರು ದಿನ ಪೇಟೆಯಲ್ಲೇ ಉಳಿಯಿತು. ಸುಗ್ಗಿಯ ಕಾಲವಾಗಿದ್ದರೆ ಏನು ಗತಿ? ಹಳೆಯ ಮೊಪೆಡ್ ಕೆಟ್ಟರೆ ಕಕ್ಕಿಂಜೆಯಲ್ಲೋ ಉಜಿರೆಯಲ್ಲೋ ಸಂಜೆಯೊಳಗೆ ಸರಿಯಾಗುತ್ತಿತ್ತು. ಬ್ಯಾಟರಿ ಬೈಕಿನ ದೊಡ್ಡ ಕೊರತೆ ಇದುವೇ. ಪೆಟ್ರೋಲು ಮೊಪೆಡ್ ಸುಸ್ಥಿತಿಯಲ್ಲಿ ಇರುವವರು ಅದನ್ನು ಮಾರಿ ಇದನ್ನು ತರಬೇಕಾದ ಅವಸರವಿಲ್ಲ ಎಂದೇ ನನ್ನ ಅಭಿಮತ.

ಹೊರೆಯ ಅಂಕೆ ಓದುವಾಗ ಒಂದು ಎಚ್ಚರ. 150 ಕಿಲೋ ಎಂದು ಬರೆದಿದ್ದರೆ ಸಾಮಾನ್ಯವಾಗಿ ಸವಾರನೂ ಅದರೊಳಗೆ. ಎಪ್ಪತ್ತು ಕಿಲೋದ ಸವಾರನಿಗೆ ಉಳಿಯುವುದು ಎಂಬತ್ತು ಮಾತ್ರ. ಸಾಲದು ಎಂದು ವೆಲ್ಡಿಂಗ್ ಅಂಗಡಿಯಲ್ಲಿ ದೊಡ್ಡ ಕ್ಯಾರಿಯರ್ ಕೂಡಿಸುವುದು ನಮ್ಮವರ ಚಾಳಿ. ನೋಂದಣಿಯಾದ ವಾಹನವನ್ನು ಹಾಗೆ ಮಾರ್ಪಡಿಸುವುದು ಮೋಟಾರು ವಾಹನ ಕಾಯಿದೆಯ 52ನೇ ಕಲಮಿಗೆ ವಿರುದ್ಧ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದೂ ಅದನ್ನೇ. ಮೂರು ಚಕ್ರದ ಗಾಡಿ ತರಬಾರದೇ ಎಂದು ಕೆಲವರು ಕೇಳಿದ್ದಾರೆ. ಮಾರ್ಗದ ಬದಿಯ ಗುಡ್ಡೆತೋಟದವರು ತರಬಹುದು. 9 ಅಡಿಯ ಸಾಲಿನಲ್ಲಿ ಕಣಿ ಕಳೆದು, ಕಾಫಿಯ ರೆಂಬೆ ಕಳೆದು ನಮಗೆ ಉಳಿಯುವ ದಾರಿ ಮೂರಡಿ. ಅಲ್ಲಿ ಎರಡೇ ಚಕ್ರ.

ಮನೆಯೊಳಗಿನ ಬದಲಾವಣೆಯನ್ನೂ ಹೇಳಬೇಕು. ನನ್ನ ಮನೆಯವಳು ಲೈಸೆನ್ಸು ಮಾಡಿಸಿಕೊಂಡು ಬೆಳಿಗ್ಗೆ ಡಿಪೋಗೆ ಹಾಲು ಒಯ್ಯುತ್ತಾಳೆ. ಮೊದಲು ಅದಕ್ಕಾಗಿ ನನ್ನ ಕಾಯುತ್ತಿದ್ದಳು, ಈಗ ಬೈಕಿಗಾಗಿ ನಾನು ಅವಳನ್ನು ಕಾಯುತ್ತೇನೆ. ನಮ್ಮ ಹಿರಿಯ ಕೆಲಸಗಾರರು ಮೊದಲ ಒಂದು ತಿಂಗಳು ಅದನ್ನು ಮುಟ್ಟಲಿಲ್ಲ. "ಕೋಣವಾದರೆ ಹೊಡೆದರೆ ಕೇಳುತ್ತದೆ, ಇದು ಶಬ್ದವನ್ನೇ ಮಾಡುವುದಿಲ್ಲ, ಏನು ನಂಬುವುದು?" ಎನ್ನುತ್ತಿದ್ದರು. ಈಗ ಬೇರೆಯವರು ಮುಟ್ಟಿದರೆ ಅವರಿಗೆ ಆಗುವುದಿಲ್ಲ. ಬೆರಳಿನ ಜೋಮು ಪೂರ್ತಿ ಹೋಗಿಲ್ಲ. ಹೆಚ್ಚಾಗಿಲ್ಲ ಎಂಬುದೇ ಸಮಾಧಾನ.

ಈ ಸಂದರ್ಭದಲ್ಲಿ ಕೇಳಿಬಂದ ಇನ್ನೊಂದು ಮಾತಿನ ಬಗ್ಗೆ ನನಗೆ ಬೇಸರವಿದೆ. ಬೈಕು ತಂದ ಸದಸ್ಯರೊಬ್ಬರು, ಇನ್ನು ಹೊರೆಯಿಲ್ಲವಲ್ಲ, ಕೂಲಿ ಇಳಿಸಬಹುದು ಎಂದು ಯೋಚಿಸುತ್ತಿದ್ದಾರಂತೆ. ಹಾಗೆ ಮಾಡಿದರೆ ಮುಂದಿನ ಕೊಯ್ಲಿಗೆ ಅವರ ತೋಟಕ್ಕೆ ಬೈಕು ಮಾತ್ರ ಹೋಗುತ್ತದೆ, ಜನ ಹೋಗುವುದಿಲ್ಲ. ಹೆಡಿಗೆ ತುಂಬುವವರು, ಬೈಕು ಓಡಿಸುವವರು, ಅಂಗಳದಲ್ಲಿ ಹರಡುವವರು ಇರಲೇಬೇಕು. ಯಂತ್ರ ನಡೆಸುವ ಕೈಗೆ ಹತ್ತು ರೂಪಾಯಿ ಹೆಚ್ಚೇ ಸಲ್ಲಬೇಕು. ಮೂವತ್ತು ವರ್ಷ ನಮ್ಮ ಹೊರೆ ಹೊತ್ತ ಕುತ್ತಿಗೆಯ ಬೆಲೆಯನ್ನು ನಾವು ಯಾರೂ ಲೆಕ್ಕದ ಪುಸ್ತಕದಲ್ಲಿ ಬರೆದಿಲ್ಲ.

ಇನ್ನು ಮನವಿಯ ವಿಚಾರ. ಸಂಘವೇ ಬೈಕು ಕೊಂಡು ಬಾಡಿಗೆಗೆ ಕೊಡುವುದಕ್ಕೆ ನನ್ನ ವಿರೋಧವಿದೆ. ಸಂಘದ ಸಾಮೂಹಿಕ ಸಿಂಪಡಣೆ ಯಂತ್ರದ ಗತಿ ನೆನಪಿರುವವರು ನನ್ನ ಮೇಲೆ ಸಿಟ್ಟಾಗಲಾರರು. ಮೂರು ವರ್ಷ ಊರಿಡೀ ತಿರುಗಿ, ಕೊನೆಗೆ ಅದರ ಬಿಡಿಭಾಗಗಳು ಯಾರ ಅಟ್ಟದಲ್ಲಿವೆ ಎಂದೇ ತಿಳಿಯಲಿಲ್ಲ. ಬ್ಯಾಟರಿ ಅದಕ್ಕಿಂತಲೂ ನಾಜೂಕು. ಹತ್ತು ಕೈ ಚಾರ್ಜು ಮಾಡಿದ ಬ್ಯಾಟರಿಗೆ ಆಯುಷ್ಯವಿಲ್ಲ.

ಸಾಲ ಕೊಡುವುದಕ್ಕೆ ನನ್ನ ಒಪ್ಪಿಗೆಯಿದೆ, ಷರತ್ತಿನೊಂದಿಗೆ. ಅರ್ಜಿದಾರರ ತೋಟಕ್ಕೆ ಸಂಘದಿಂದ ಒಬ್ಬರು ಹೋಗಿ ದಾರಿ ನೋಡಿ ಬರಬೇಕು. ದಾರಿಯಿಲ್ಲದ ತೋಟಕ್ಕೆ ಬೈಕಿನ ಸಾಲ ಕೊಟ್ಟರೆ ಅದು ಪೇಟೆಗೆ ಹೋಗುವ ಸ್ಕೂಟರಿನ ಸಾಲವಾಗುತ್ತದೆ, ಅದನ್ನು ಕೊಡಲು ಬ್ಯಾಂಕುಗಳಿವೆ. ಮೊದಲು ದಾರಿಗೆ ಸಾಲ ಕೊಡೋಣ. 2019ರ ಆಗಸ್ಟ್ ನೆರೆಯಲ್ಲಿ ಹೊಳೆಬದಿಯ ತೋಟಗಳಿಗೆ ಮರಳು ನುಗ್ಗಿ ಕೊಚ್ಚಿಹೋದ ಕಾಲುಸಂಕಗಳ ಜಾಗದಲ್ಲಿ ಎಷ್ಟೋ ಕಡೆ ಇಂದಿಗೂ ಎರಡು ಕಂಗಿನ ಕಾಂಡಗಳೇ ಇವೆ. ನಾಲ್ಕಡಿ ಅಗಲದ ಸಿಮೆಂಟಿನ ಸಂಕ, ಕಡಿದಾದ ಕಡೆ ಕಲ್ಲು ಹಾಸಿದ ಸುತ್ತುದಾರಿ, ಇವಿಷ್ಟು ಆದರೆ ಬೈಕು ತರದವರ ತಲೆಹೊರೆಯೂ ಅರ್ಧ ಹಗುರವಾಗುತ್ತದೆ, ಕೈಗಾಡಿಯಾದರೂ ಓಡುತ್ತದೆ. ಸಾಲದ ಕಂತು ಕಟ್ಟುವಾಗಲೇ ತಿಂಗಳಿಗೆ ಇಷ್ಟೆಂದು ಬ್ಯಾಟರಿಯ ಬಾಬ್ತು ಠೇವಣಿ ಇಡಿಸಬೇಕು. ಐದಾರು ವರ್ಷದ ಮೇಲೆ ಬ್ಯಾಟರಿ ಸೋತಾಗ ಸದಸ್ಯರು ಮತ್ತೆ ಸಾಲಕ್ಕೆ ಬರುವಂತಾಗಬಾರದು. ಊರಿನ ಇಬ್ಬರು ಹುಡುಗರನ್ನು ದುರಸ್ತಿ ಕಲಿಯಲು ಸಂಘದ ಖರ್ಚಿನಲ್ಲಿ ಕಳಿಸಬೇಕು. ಐಟಿಐ ಓದಿ ಮಂಗಳೂರಿನಲ್ಲಿ ಕೆಲಸ ಹುಡುಕುತ್ತಿರುವವರು ನಮ್ಮ ಸದಸ್ಯರ ಮನೆಗಳಲ್ಲೇ ಇದ್ದಾರೆ.

ಆಟಿಕೆ ಎಂದ ಹಿರಿಯ ನಿರ್ದೇಶಕರು ಕಳೆದ ವಾರ ಸಂಜೆ ನಮ್ಮಲ್ಲಿಗೆ ಬಂದಿದ್ದರು. ಚಾ ಕುಡಿದು ಕೆಳಗಿಳಿದು, ಬೈಕು ಎರಡು ಸಲ ಏರುವುದನ್ನು ನಿಂತು ನೋಡಿದರು. ಏನೂ ಹೇಳಲಿಲ್ಲ. ಹೋಗುವಾಗ, "ಬರೆ ಕಡಿಸಲು ಎಷ್ಟಾಯಿತು ಭಾವ?" ಎಂದು ಕೇಳಿದರು.

ವಿಷಯ ಮುಂದಿನ ಸಭೆಗೆ ಬರಲಿದೆ. ಭಿನ್ನಾಭಿಪ್ರಾಯ ಇರುವವರು ಅದಕ್ಕೆ ಮುನ್ನ ಬರೆದು ಕಳಿಸಿದರೆ ಓದಿ ಹೇಳುತ್ತೇನೆ. ಬೈಕನ್ನು ಕಣ್ಣಾರೆ ನೋಡಬೇಕೆನ್ನುವ ಸದಸ್ಯರು ಶನಿವಾರ ಮಧ್ಯಾಹ್ನದ ಮೇಲೆ ಬರಬಹುದು. ಬರುವಾಗ ನಿಮ್ಮ ದಾರಿಯ ಉದ್ದ, ಎತ್ತರ, ಅತಿ ಕಡಿದಾದ ಕಡೆಯ ಅಳತೆ ಚೀಟಿಯಲ್ಲಿ ಬರೆದು ತನ್ನಿ. ನೀರಿನ ಪೈಪು ಇಲ್ಲದವರಿಗೆ ಸಂಘದ ಗೋದಾಮಿನಲ್ಲಿ ಒಂದು ಇಟ್ಟಿದ್ದೇವೆ, ಸಹಿ ಹಾಕಿ ಒಯ್ಯಿರಿ, ಎರಡು ದಿನದಲ್ಲಿ ತಂದುಕೊಡಿ.